ನೂರಕ್ಕೆ ಎರಡು ಪಾಲು ದಾರಿ

ಸಂಕ್ರಾಂತಿ ಕಳೆದ ಭಾನುವಾರ. ದಾವಣಗೆರೆಯ ಸರಸ್ವತಿ ನಗರದ ಆ ಮನೆಯ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲ. ನಾಲ್ಕು ಸೂಟ್‌ಕೇಸುಗಳು ಬಾಯಿ ತೆರೆದು ಮಲಗಿವೆ. ಒಂದರಲ್ಲಿ ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿ, ಹುಟ್ಟಲಿರುವ ಕೂಸಿಗೆ ನಾಲ್ಕಾರು ಕುಲಾವಿ. ಇನ್ನೊಂದರಲ್ಲಿ ಅಂಟಿನ ಉಂಡೆಯ ಡಬ್ಬಿ, ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಕಡಕ್ ರೊಟ್ಟಿಯ ಕಟ್ಟು. ಮೂರನೆಯದರಲ್ಲಿ ಮನೆಯ ಯಜಮಾನರಾದ ಮೇಷ್ಟ್ರ ಸ್ವೆಟರು, ಮಫ್ಲರು, ಮಾತ್ರೆಗಳ ಚೀಲ, ಡಾಕ್ಟರ ಚೀಟಿ. ನಾಲ್ಕನೆಯದು ಇನ್ನೂ ಖಾಲಿ. ಅದರ ಮೇಲೆ ಮನೆಯಾಕೆಯ ಕಣ್ಣಿದೆ. ಬೀದಿಯವರ ಕಣ್ಣೂ ಇದೆ.

ಪಕ್ಕದ ಮನೆಯವರು ಮಂಡಕ್ಕಿಯ ದೊಡ್ಡ ಪೊಟ್ಟಣ ಹಿಡಿದು ಬಂದಿದ್ದಾರೆ. ದಾವಣಗೆರೆಯ ಭಟ್ಟಿಯಲ್ಲಿ ಬೆಳಿಗ್ಗೆಯಷ್ಟೇ ಹುರಿದದ್ದು. "ನಿಮ್ಮ ಮಗಳಿಗೆ ಇಲ್ಲಿ ಮಂಡಕ್ಕಿ ಅಂದ್ರೆ ಜೀವ. ಇದೇನ್ ಭಾರ ಇರಲ್ಲ, ಒಯ್ರಿ." ನಿಜವೇ. ಮಂಡಕ್ಕಿ ತೂಕಕ್ಕೆ ಬರುವುದಿಲ್ಲ, ಜಾಗಕ್ಕೆ ಬರುತ್ತದೆ. ಖಾಲಿ ಸೂಟ್‌ಕೇಸಿನ ಅರ್ಧ ಅದೇ ತುಂಬಿತು. ಹರಿಹರದಿಂದ ಬಂದ ತಂಗಿ ಹರಿಹರೇಶ್ವರನ ಗುಡಿಯ ಕುಂಕುಮ ತಂದಿದ್ದಾಳೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯ ಕುಂಕುಮ ಚಿಟಿಕೆಯಷ್ಟು ಜಾಗದಲ್ಲಿ ಮುಗಿಯಿತು. ಅದಕ್ಕೆ ಯಾರ ತಕರಾರೂ ಇಲ್ಲ.

ತಲೆಗೆ ಎರಡು ಪೆಟ್ಟಿಗೆ, ಪೆಟ್ಟಿಗೆಗೆ 23 ಕಿಲೋ. ಈ ಲೆಕ್ಕ ಈಗ ಬೀದಿಯ ಎಲ್ಲರಿಗೂ ಬಾಯಿಪಾಠ. ಕೊಕ್ಕೆಗೆ ತಗುಲಿಸಿ ಎತ್ತುವ ಪುಟ್ಟ ತೂಕದ ಯಂತ್ರ ಈ ಬೀದಿಯಲ್ಲಿ ಒಂದೇ ಇದೆ; ಯಾರು ಅಮೆರಿಕಕ್ಕೆ ಹೊರಟರೂ ಅದು ಅವರ ಮನೆಗೆ ಬರುತ್ತದೆ. ಮೇಷ್ಟ್ರು ಎತ್ತಿದರು. 24.6. ಮನೆಯಾಕೆ ರೊಟ್ಟಿ ಕಟ್ಟಿನಿಂದ ಒಂದಿಷ್ಟು ತೆಗೆದು ಪಕ್ಕಕ್ಕಿಟ್ಟರು. ಮತ್ತೆ ಎತ್ತಿದರು. 23.4. "ಅಷ್ಟಕ್ಕೆಲ್ಲಾ ಏನೂ ಅನ್ನಲ್ಲ ಬಿಡ್ರಿ" ಎಂದು ಅನುಭವಸ್ಥರೊಬ್ಬರು ತೀರ್ಪು ಕೊಟ್ಟರು.

ಮಗಳು ಇದೇ ಊರಿನಲ್ಲಿ ಇಂಜಿನಿಯರಿಂಗ್ ಓದಿದವಳು. ದಾವಣಗೆರೆಗೆ ಆ ಓದು ಹೊಸದಲ್ಲ. ಯುಬಿಡಿಟಿ ಕಾಲೇಜು ಶುರುವಾದದ್ದು 1951ರಲ್ಲಿ, ಬಾಪೂಜಿ ಇಂಜಿನಿಯರಿಂಗ್ ಕಾಲೇಜು 1979ರಲ್ಲಿ. ಹತ್ತಿ ಗಿರಣಿಗಳ ಸೈರನ್ ಕೇಳಿ ಎದ್ದ ತಲೆಮಾರಿನ ಮಕ್ಕಳು ಈ ಕಾಲೇಜುಗಳ ಮೆಟ್ಟಿಲು ಹತ್ತಿದರು. ಅವರ ಮಕ್ಕಳು ಬೆಂಗಳೂರು ದಾಟಿ ಸನ್ನಿವೇಲ್, ಸಾಂತಾ ಕ್ಲಾರಾ, ಫ್ರೀಮಾಂಟ್ ಎಂಬ ಊರುಗಳಲ್ಲಿ ಮನೆ ಮಾಡಿದರು. ಈಗ ಆ ಮನೆಗಳಲ್ಲಿ ತೊಟ್ಟಿಲು ಕಟ್ಟುವ ಕಾಲ. ಬಾಣಂತನಕ್ಕೆ ತಾಯಿ ಹೋಗಲೇಬೇಕು. ಹಿಂದೆ ಮಗಳು ತವರಿಗೆ ಬರುತ್ತಿದ್ದಳು, ಈಗ ತವರೇ ವಿಮಾನ ಹತ್ತುತ್ತದೆ.

"ಅಲ್ರಿ ಮೇಷ್ಟ್ರೇ, ಅಮೆರಿಕ ಎಷ್ಟ್ ದೂರ ಐತಿ?"

ಕೇಳಿದ್ದು ಎದುರುಮನೆಯ ಅಜ್ಜಿ. ಮೇಷ್ಟ್ರು ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ನಿವೃತ್ತರಾದವರು. ಇಂಥ ಪ್ರಶ್ನೆಗೆ ಅವರು ಬಾಯಲ್ಲಿ ಉತ್ತರ ಕೊಡುವುದಿಲ್ಲ. ಅಟ್ಟದಿಂದ ಹಳೆಯ ಗೋಲವನ್ನು ಇಳಿಸಿಕೊಂಡು, ಹೊಲಿಗೆ ಮಿಷನ್ನಿನ ಡ್ರಾಯರಿನಿಂದ ಕೆಂಪು ದಾರ ತೆಗೆದು ಕೂತರು. ಸುತ್ತ ಹುಡುಗರು ಸೇರಿದರು.

"ಅಮೆರಿಕ ಯಾವ ದಿಕ್ಕಿಗೈತಿ, ತೋರಿಸ್ರಿ ನೋಡಾಣ."

ಎಲ್ಲರ ಕೈಯೂ ಪಶ್ಚಿಮಕ್ಕೆ, ಹರಿಹರದ ಕಡೆ ಚಾಚಿತು. ಒಬ್ಬ ಹುಡುಗ ಮಾತ್ರ, ಜಪಾನ್ ದಾಟಿದರೆ ಅಮೆರಿಕವೇ ಎಂದು ಪುಸ್ತಕದಲ್ಲಿ ಓದಿದವನು, ಪೂರ್ವಕ್ಕೆ ತೋರಿಸಿದ. ಮೇಷ್ಟ್ರು ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೆ ಬಿಗಿಯಾಗಿ ಎಳೆದರು. ದಾರ ಪಶ್ಚಿಮಕ್ಕೂ ಹೋಗಲಿಲ್ಲ, ಪೂರ್ವಕ್ಕೂ ಹೋಗಲಿಲ್ಲ. ನೆಟ್ಟಗೆ ಉತ್ತರಕ್ಕೆ ಎದ್ದು, ಒಂದಿಷ್ಟೇ ಬಲಕ್ಕೆ ವಾಲಿ, ನೇಪಾಳದ ಅನ್ನಪೂರ್ಣ ಶಿಖರಗಳ ಆಸುಪಾಸಿನಲ್ಲಿ ಹಿಮಾಲಯ ದಾಟಿತು. ಟಿಬೆಟ್, ಮಂಗೋಲಿಯದ ಪಶ್ಚಿಮ ಅಂಚು, ಬೈಕಲ್ ಸರೋವರದ ಎಡಗಡೆ, ಸೈಬೀರಿಯದ ಕಾಡು, ಕೊಲಿಮಾ ನದಿ ಸೇರುವ ಹೆಪ್ಪುಗಟ್ಟಿದ ಕಡಲು. ಅಲ್ಲಿಂದ ಕೆಳಗಿಳಿದು ಅಲಾಸ್ಕಾ, ಆಮೇಲೆ ಕೆನಡಾದ ಕರಾವಳಿಯಾಚೆಯ ನೀರು, ಕೊನೆಗೆ ಕ್ಯಾಲಿಫೋರ್ನಿಯ.

ಎರಡು ವಿಮಾನ ನಿಲ್ದಾಣಗಳ ನಡುವೆ ಈ ಗೆರೆಯ ಉದ್ದ ಸುಮಾರು 13,990 ಕಿಲೋಮೀಟರ್. ಭೂಮಿಯ ಮೇಲೆ ಯಾವ ಎರಡು ಜಾಗಗಳ ನಡುವೆಯೂ ಸುಮಾರು 20,000 ಕಿಲೋಮೀಟರಿಗಿಂತ ಹೆಚ್ಚು ದೂರ ಇರಲು ಸಾಧ್ಯವಿಲ್ಲ. ಅದರಾಚೆ ಹೋದರೆ ಮತ್ತೆ ಹತ್ತಿರವಾಗುತ್ತ ಬರುತ್ತೇವೆ. ಎಂದರೆ ಮಗಳು ಇರುವುದು ಭೂಮಿಯ ಮೇಲೆ ಸಾಧ್ಯವಿರುವ ದೂರದ ನೂರಕ್ಕೆ ಎಪ್ಪತ್ತರಷ್ಟು ದೂರದಲ್ಲಿ.

ಶಾಲೆಯ ಗೋಡೆಯ ಮೇಲಿನ ಚಚ್ಚೌಕ ನಕಾಶೆಯಲ್ಲಿ ಇದೇ ಎರಡು ಊರಿನ ನಡುವೆ ಪೂರ್ವದ ಕಡೆಯಿಂದ ಅಡಿಪಟ್ಟಿ ಇಟ್ಟು ಗೆರೆ ಎಳೆದರೆ ಅದು ಜಪಾನಿನ ದಕ್ಷಿಣದ ಕಡಲನ್ನು ಹಾದು ಪೆಸಿಫಿಕ್ಕನ್ನು ಅಡ್ಡಡ್ಡ ಸೀಳುತ್ತದೆ. ನೋಡಲು ಅದೇ ನೇರ ದಾರಿ. ಅಳೆದರೆ ಸುಮಾರು 16,100 ಕಿಲೋಮೀಟರ್. ನಕಾಶೆಯ ನೇರ ಗೆರೆಗಿಂತ ಗೋಲದ ಮೇಲಿನ ಬಾಗಿದ ಗೆರೆಯೇ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಹತ್ತಿರ. ಉಂಡೆಯಾದ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಹರಡುವಾಗ ಧ್ರುವಗಳ ಕಡೆಯ ನೆಲವನ್ನೆಲ್ಲ ಹಿಗ್ಗಿಸಬೇಕಾಗುತ್ತದೆ. ಹಾಗಾಗಿ ನಕಾಶೆಯಲ್ಲಿ ದೂರದಂತೆ ಕಾಣುವ ಉತ್ತರದ ದಾರಿ ನಿಜಕ್ಕೂ ಒಳದಾರಿ.

ಆಮೇಲೆ ಮೇಷ್ಟ್ರು ಇನ್ನೊಂದು ಲೆಕ್ಕ ಮಾಡಿದರು. ದಾರದ ಈಚೆ ತುದಿಯನ್ನು ಬೆಂಗಳೂರಿನಿಂದ ತೆಗೆದು ದಾವಣಗೆರೆಯ ಮೇಲಿಟ್ಟರು. ಗೋಲದ ಮೇಲೆ ಎರಡೂ ಊರು ಒಂದೇ ಚುಕ್ಕೆಯಷ್ಟು ಹತ್ತಿರ, ಕಣ್ಣಿಗೆ ವ್ಯತ್ಯಾಸ ಕಾಣದು. ಅಕ್ಷಾಂಶ ರೇಖಾಂಶ ಬರೆದುಕೊಂಡು ಗುಣಿಸಿದಾಗ ಬಂದದ್ದು ಸುಮಾರು 13,915 ಕಿಲೋಮೀಟರ್. ಅಂದರೆ ಸ್ಯಾನ್ ಫ್ರಾನ್ಸಿಸ್ಕೋಗೆ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಗಿಂತ ದಾವಣಗೆರೆಯೇ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು ಹತ್ತಿರ! ಇನ್ನು ಸ್ವಲ್ಪ ಹೊತ್ತಿಗೆ ಕಾರು ಹತ್ತಿ ಹೆದ್ದಾರಿ ಹಿಡಿಯುವ ಈ ದಂಪತಿ, ಮಗಳ ಮನೆ ಸೇರಲು ಮೊದಲು ಮಗಳಿಂದ ದೂರ ಹೋಗಬೇಕು.

"ಹಂಗಾರೆ ಇಲ್ಲಿಂದಾನೇ ಹಾರಬೌದಿತ್ತಲ್ರಿ" ಎಂದರು ಅಜ್ಜಿ.

ಹಾರಲು ಇಲ್ಲಿ ನಿಲ್ದಾಣವಿಲ್ಲ. ದಾವಣಗೆರೆಗೊಂದು ವಿಮಾನ ನಿಲ್ದಾಣ ಬೇಕೆಂಬ ಮಾತು ಬಹಳ ವರ್ಷಗಳದು. ಒಂದು ಕಡೆ ಹುಬ್ಬಳ್ಳಿ, ಇನ್ನೊಂದು ಕಡೆ ಶಿವಮೊಗ್ಗ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ನಿಲ್ದಾಣಕ್ಕೆ 3,200 ಮೀಟರ್ ಉದ್ದದ ರನ್‌ವೇ ಇದೆ, ಕುವೆಂಪು ಅವರ ಹೆಸರಿದೆ. ಆದರೆ ದೇಶ ದಾಟುವವರಿಗೆ ಕೊನೆಗೂ ದೇವನಹಳ್ಳಿಯೇ ಹೆಬ್ಬಾಗಿಲು. ಬೆಳಗಿನ ಜಾವದ ವಿಮಾನಕ್ಕೆ ನಾಲ್ಕು ಪೆಟ್ಟಿಗೆಯೊಂದಿಗೆ ಹೋಗುವವರಿಗೆ ಮನೆ ಬಾಗಿಲಿಗೆ ಬರುವ ಬಾಡಿಗೆ ಕಾರೇ ವಾಸಿ.

ಟಿಕೆಟ್ಟು ದುಬೈ ಮೇಲಿನದು. ಅದನ್ನು ಆರಿಸಿದ್ದು ಮಗಳು. ಆರಿಸುವ ಮೊದಲು ಅವಳೂ ಅಪ್ಪನೂ ಫೋನಿನಲ್ಲಿ ವಾರಗಟ್ಟಲೆ ಚರ್ಚಿಸಿದ್ದುಂಟು. ಟೋಕಿಯೊ ಮೇಲೆ ಹೋದರೆ ಎರಡು ಹಾರಾಟ ಸೇರಿ ಸುಮಾರು 14,900 ಕಿಲೋಮೀಟರ್, ನೇರ ಗೆರೆಗಿಂತ ಸಾವಿರವೂ ಹೆಚ್ಚಲ್ಲ. ದುಬೈ ಮೇಲೆ 15,700. ಫ್ರಾಂಕ್‌ಫರ್ಟ್ ಮೇಲೆ 16,550. ಸಿಂಗಪುರದ ಮೇಲೆ 16,800ಕ್ಕೆ ಹತ್ತಿರ. ಆದರೆ ಟಿಕೆಟ್ ಕೊಳ್ಳುವವರು ಕಿಲೋಮೀಟರ್ ನೋಡುವುದಿಲ್ಲ. ನಡುವೆ ಎಷ್ಟು ಹೊತ್ತು ಕಾಯಬೇಕು, ಅಪ್ಪನ ಮಂಡಿನೋವಿಗೆ ಗಾಲಿಕುರ್ಚಿ ಸಿಗುತ್ತದೆಯೇ, ಸಸ್ಯಾಹಾರ ಕೊಡುತ್ತಾರೆಯೇ, ರೇಟು ಎಷ್ಟು? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕ ಕಡೆ ದಾರಿ ತಿರುಗುತ್ತದೆ.

ಇದಕ್ಕೂ ಮೊದಲು ವೀಸಾದ ಓಡಾಟ ಇತ್ತು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿಯಲ್ಲಿ. ಅದಕ್ಕೂ ಹಿಂದಿನಿಂದ ಕರ್ನಾಟಕದವರು ಸಂದರ್ಶನಕ್ಕೆಂದು ಚೆನ್ನೈ, ಹೈದರಾಬಾದ್ ಕಡೆ ರೈಲು ಹತ್ತುತ್ತ ಬಂದವರು. ಮೇಷ್ಟ್ರ ಜೋಡಿಯೂ ಚೆನ್ನೈಗೆ ಹೋಗಿ, ಗಾಜಿನ ಆಚೆಯ ಅಧಿಕಾರಿ ಕೇಳಿದ ಎರಡು ಮೂರು ಪ್ರಶ್ನೆಗೆ ಉತ್ತರಿಸಿ ಬಂದಿತ್ತು. ಆ ಹೋಗಿಬರುವ ದಾರಿಯನ್ನು ಯಾರೂ ಅಮೆರಿಕದ ದೂರಕ್ಕೆ ಸೇರಿಸಿ ಹೇಳುವುದಿಲ್ಲ.

ಸಂಜೆ ಐದು. ಕಾರು ಬಂತು. ಪೆಟ್ಟಿಗೆಗಳು ಹಿಂದೆ ಸೇರಿದವು. ಮಂಡಕ್ಕಿಯ ಪೆಟ್ಟಿಗೆ ಎಲ್ಲದರ ಮೇಲೆ. ಬೀದಿಗೆ ಬೀದಿಯೇ ಗೇಟಿನ ಹತ್ತಿರ ನಿಂತಿತು. ದೇವರಿಗೆ ದೀಪ ಹಚ್ಚಿ, ಬಾಗಿಲ ಹೊರಗೆ ಕಾಯಿ ಒಡೆದು, ಅಜ್ಜಿಯ ಕಾಲಿಗೆರಗಿ ಇಬ್ಬರೂ ಕಾರು ಹತ್ತಿದರು. "ಮುಟ್ಟಿದ ತಕ್ಷಣ ಫೋನ್ ಮಾಡ್ರಿ." "ನೀರು ಬಿಟ್ಟಾಗ ಗಿಡಕ್ಕೆ ಹಾಕ್ತೀವಿ, ಚಿಂತಿ ಮಾಡಬ್ಯಾಡ್ರಿ." "ಹುಷಾರಾಗಿ ಹೋಗಿ ಬರ್ರಿ."

ಹೆದ್ದಾರಿ 48. ಪುಣೆಯಿಂದ ಬಂದು ಬೆಂಗಳೂರಿಗೆ ಹೋಗುವ ಈ ರಸ್ತೆ ದಾವಣಗೆರೆಯವರ ಪಾಲಿಗೆ ಇನ್ನೂ 'ಎನ್‌ಎಚ್ ಫೋರ್'. ಆನಗೋಡು, ಭರಮಸಾಗರ ದಾಟುವ ಹೊತ್ತಿಗೆ ಬಿಸಿಲು ಇಳಿಯುತ್ತದೆ. ಕೊಯ್ಲಾದ ಮೆಕ್ಕೆಜೋಳದ ಹೊಲಗಳಲ್ಲಿ ಒಣದಂಟು ನಿಂತಿದೆ. ಚಿತ್ರದುರ್ಗ ಹತ್ತಿರ ಬಂದಂತೆ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಧಾನಕ್ಕೆ ತಿರುಗುತ್ತಿವೆ. ಕೋಟೆಯ ಬಂಡೆಗಳು ಒಂದು ಗಳಿಗೆ ಕೆಂಪಾಗಿ ಕಂಡು ಕಪ್ಪಾಗುತ್ತವೆ. ಐಮಂಗಲ, ಹಿರಿಯೂರು. ಬಲಗಡೆ ಎಲ್ಲೋ ಒಳಗೆ ಮಾರಿಕಣಿವೆಯ ನೀರು. ಕತ್ತಲಲ್ಲಿ ಅದು ಇರುವ ದಿಕ್ಕನ್ನಷ್ಟೇ ಮೇಷ್ಟ್ರು ಬೆರಳು ಮಾಡಿ ತೋರಿಸಿದರು. ಶಿರಾ ಹತ್ತಿರ ಊಟಕ್ಕೆ ನಿಂತದ್ದು. ಮನೆಯಾಕೆ ಬುತ್ತಿ ಬಿಚ್ಚಿದರು. ಹೋಟೆಲಿನವರಿಂದ ಕಾಫಿ ಮಾತ್ರ ಕೊಂಡದ್ದು.

ತುಮಕೂರು ಕಳೆದು ದಾಬಸ್‌ಪೇಟೆಯಲ್ಲಿ ಕಾರು ಎಡಕ್ಕೆ ಹೊರಳಿತು. ಬೆಂಗಳೂರಿನೊಳಗೆ ಹೋಗದೆ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರುವ ಈ ಅಡ್ಡದಾರಿ ಉತ್ತರದ ಜಿಲ್ಲೆಗಳವರಿಗೆ ದೊಡ್ಡ ಉಪಕಾರ ಮಾಡಿದೆ. ಮೊದಲು ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳ ಎನ್ನುತ್ತ ಸಿಗ್ನಲ್ ಸಿಗ್ನಲ್‌ಗೆ ನಿಂತು, ಕೈಗಡಿಯಾರ ನೋಡಿ ನೋಡಿ ಬೆವರುತ್ತಿದ್ದರು. ವಿಮಾನ ತಪ್ಪಿಸಿಕೊಂಡವರ ಕತೆ ಪ್ರತಿ ಬೀದಿಯಲ್ಲೂ ಒಂದಿದೆ. ಅದಕ್ಕೇ ತಾಸುಗಟ್ಟಲೆ ಮುಂಚೆ ಹೊರಡುವ ರೂಢಿ ಇನ್ನೂ ಬಿಟ್ಟಿಲ್ಲ.

ಕೆಂಪೇಗೌಡ ವಿಮಾನ ನಿಲ್ದಾಣ ರಾತ್ರಿ ಹನ್ನೊಂದಕ್ಕೆ ಹಗಲಿನಂತಿದೆ. ಈ ಹೊತ್ತಿನಿಂದ ಬೆಳಗಿನ ಜಾವದವರೆಗೆ ಪರದೇಶದ ವಿಮಾನಗಳ ಸರದಿ. 2008ರ ಮೇ ತಿಂಗಳಲ್ಲಿ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಇಲ್ಲಿಗೆ ಬಂದ ಮೇಲೆ ಊರು ಇದರ ಕಡೆಗೇ ಬೆಳೆಯುತ್ತ ಬಂದಿದೆ. 2019ರ ಡಿಸೆಂಬರಿನಲ್ಲಿ ಎರಡನೆಯ ರನ್‌ವೇ ಬಂತು. 2022ರ ನವೆಂಬರಿನಲ್ಲಿ ಎರಡನೆಯ ಟರ್ಮಿನಲ್ ಉದ್ಘಾಟನೆಯಾಯಿತು. ಬಿದಿರು ಹೊದಿಸಿದ ಅದರ ಛಾವಣಿಯ ಕೆಳಗೆ ತೂಗುಬಿಟ್ಟ ಗಿಡಗಳು. ಹೊರಗಿನ ಕಟ್ಟೆಯ ಮೇಲೆ ರಾಯಚೂರು, ಹಾಸನ, ಮಂಡ್ಯ, ಅನಂತಪುರದಿಂದ ಬಂದ ಕುಟುಂಬಗಳು ಪೆಟ್ಟಿಗೆಗಳ ಸುತ್ತ ಕೂತಿವೆ. ಅನೇಕರ ಟ್ರಾಲಿಯ ಮೇಲೆ ಹಗ್ಗದಿಂದ ಬಿಗಿದ ಪೆಟ್ಟಿಗೆ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಮಕ್ಕಳ ವಿಳಾಸ. ಬಾಣಂತನಕ್ಕೆ ಹೊರಟ ತಾಯಂದಿರು ಒಬ್ಬರನ್ನೊಬ್ಬರು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. "ಎಷ್ಟನೇದು?" "ಎರಡನೇದು." "ಅಂಟಿನ ಉಂಡಿ ಬಿಟ್ರಾ ಕಳೆದ ಸಲ?" "ಮಾಡಿದ ತಿಂಡಿ ಅಂತ ಚೀಟಿ ಬರೆದು ಹಚ್ಚಿದ್ವಿ, ಏನೂ ಅನ್ಲಿಲ್ಲ."

ಇದೇ ನೆಲಕ್ಕೆ 2021ರ ಜನವರಿ 11ರ ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲೂ ಇಳಿಯದೆ ಬಂದ ಮೊದಲ ಏರ್ ಇಂಡಿಯಾ ವಿಮಾನ ಮುಟ್ಟಿತು. ಅದನ್ನು ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಕಾಕ್‌ಪಿಟ್‌ನಲ್ಲಿ ನಾಲ್ವರೂ ಮಹಿಳೆಯರೇ. ವೇಳಾಪಟ್ಟಿಯಂತೆ ಅದು ಅಲ್ಲಿ ಜನವರಿ 9ರ ರಾತ್ರಿ ಎಂಟೂವರೆಗೆ ಹೊರಟು ಇಲ್ಲಿ 11ರ ನಸುಕಿನ 3.45ಕ್ಕೆ ಮುಟ್ಟುವಂಥದ್ದು. ಹದಿನೇಳು ತಾಸಿನ ಮೇಲೆ ಮುಕ್ಕಾಲು ತಾಸು. ನಡುವಿನ 10ನೇ ತಾರೀಕನ್ನು ಅದರ ಪ್ರಯಾಣಿಕರು ನೆಲದ ಮೇಲೆ ನೋಡಲೇ ಇಲ್ಲ.

ಆ ವಿಮಾನ ಹಾರಿದ್ದು ಉತ್ತರ ಧ್ರುವದ ಮೇಲೆ. ಮೇಷ್ಟ್ರ ಕೆಂಪು ದಾರ ಧ್ರುವಕ್ಕೆ ಹೋಗುವುದಿಲ್ಲ, 71ನೇ ಅಕ್ಷಾಂಶದವರೆಗೆ ಏರಿ ಇಳಿಯುತ್ತದೆ. ಧ್ರುವದ ಮೇಲೇ ಹೋದರೆ ದೂರ ಸುಮಾರು 14,360 ಕಿಲೋಮೀಟರ್. ಹೆಚ್ಚಾಗುವುದು ಬರೀ 370. ಅಷ್ಟು ಸುತ್ತಿದರೂ ಪೆಸಿಫಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಮೇಲ್ಗಾಳಿಗೆ ಎದುರು ಹಾರುವ ಕಷ್ಟ ತಪ್ಪುತ್ತದೆ. ಎದುರುಗಾಳಿ ವಿಮಾನದ ವೇಗವನ್ನು ನೆಲದ ಲೆಕ್ಕದಲ್ಲಿ ತಿಂದುಹಾಕುತ್ತದೆ, ಹಿಂಗಾಳಿ ಕೂಡಿಸುತ್ತದೆ. ಅದಕ್ಕೇ ಇದೇ ಎರಡು ಊರಿನ ನಡುವೆ ಹೋಗುವಾಗ ಹದಿನಾರು ತಾಸಿನ ಆಸುಪಾಸು ಹಿಡಿದರೆ, ಬರುವಾಗ ಹದಿನೇಳು ದಾಟುತ್ತಿತ್ತು. ದೂರ ಅದೇ, ಹೊತ್ತು ಬೇರೆ.

ಇಂಥ ಹಾರಾಟಕ್ಕೆ ಬಳಸಿದ್ದು ಬೋಯಿಂಗ್ 777-200ಎಲ್‌ಆರ್. ಅದರ ಹೊಟ್ಟೆಯಲ್ಲಿ ಸುಮಾರು 1,81,000 ಲೀಟರ್ ಇಂಧನ ಹಿಡಿಯುತ್ತದೆ, ತೂಕದಲ್ಲಿ 145 ಟನ್ನಿನಷ್ಟು. ಎಲ್ಲ ಸೇರಿ ಹಾರುವಾಗ ಅದು ಹೊರಬಹುದಾದ ಪರಮಾವಧಿ 347 ಟನ್. ಅಂದರೆ ಹೊರುವ ಭಾರದ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು, ಹೊರುವುದಕ್ಕೇ ಬೇಕಾದ ಎಣ್ಣೆ. ಸರಸ್ವತಿ ನಗರದಲ್ಲಿ ರೊಟ್ಟಿ ಕಟ್ಟು ಬಿಚ್ಚಿಸಿದ ಆ 23 ಕಿಲೋದ ಕಟ್ಟುನಿಟ್ಟಿನ ಹಿಂದೆ ಈ ಲೆಕ್ಕವೂ ಇದೆ. ಹೆಚ್ಚು ತೂಕವೆಂದರೆ ಹೆಚ್ಚು ಎಣ್ಣೆ, ಆ ಹೆಚ್ಚಿನ ಎಣ್ಣೆಯನ್ನು ಹೊರಲು ಇನ್ನಷ್ಟು ಎಣ್ಣೆ.

ಹಾಗಿದ್ದರೆ ಗೋಲದ ಮೇಲಿನ ಗೆರೆಯನ್ನೇ ಹಿಡಿದು ಹಾರಬಾರದೇಕೆ? ಮೊದಲ ಅಡ್ಡಿ ಹಿಮಾಲಯ ಮತ್ತು ಟಿಬೆಟ್. ಒಳಗಿನ ಗಾಳಿಯ ಒತ್ತಡ ತಪ್ಪಿದರೆ ವಿಮಾನ ಕೂಡಲೇ ಮೂರು ಸಾವಿರ ಮೀಟರಿನಷ್ಟು ಎತ್ತರಕ್ಕೆ ಇಳಿಯಬೇಕು. ಟಿಬೆಟ್ಟಿನ ನೆಲವೇ ನಾಲ್ಕು ಸಾವಿರ ಮೀಟರಿಗೂ ಮೇಲಿದೆ. ಇಳಿಯುವುದೆಲ್ಲಿಗೆ? ಎರಡನೆಯದು ದೇಶಗಳ ಜಗಳ. 2022ರಿಂದ ಅಮೆರಿಕ, ಯೂರೋಪಿನ ಕಂಪನಿಗಳಿಗೆ ರಷ್ಯದ ಆಕಾಶ ಮುಚ್ಚಿದೆ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ಬೆಂಗಳೂರಿನ ನೇರ ವಿಮಾನವೂ ಒಮ್ಮೆ ನಿಂತು 2022ರ ಡಿಸೆಂಬರಿನಲ್ಲಿ ಮತ್ತೆ ಶುರುವಾದದ್ದುಂಟು. ಗೋಲದ ಮೇಲಿನ ದೂರ ಬದಲಾಗುವುದಿಲ್ಲ, ಹಾರುವ ದೂರ ವರ್ಷಕ್ಕೊಂದು.

ಇನ್ನೊಂದು ಅಡ್ಡಿ, ನಡುದಾರಿಯಲ್ಲಿ ಕೆಟ್ಟರೆ ಎಲ್ಲಿ ಇಳಿಯುವುದು ಎಂಬುದು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನದ ಎಂಜಿನ್ನಿನಲ್ಲಿ ತೊಂದರೆ ಕಾಣಿಸಿ ಅದು ರಷ್ಯದ ದೂರಪೂರ್ವದ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ಅಷ್ಟು ಮಂದಿಗೆ ಸಾಲುವ ಹೋಟೆಲು ಅಲ್ಲಿರಲಿಲ್ಲ. ಶಾಲೆ, ಹಾಸ್ಟೆಲುಗಳಲ್ಲಿ ನೆಲದ ಮೇಲೆ ಹಾಸಿಗೆ ಹಾಸಿ ಮಲಗಿಸಿದರು. ಬೇರೆ ವಿಮಾನ ಬಂದು ಅವರನ್ನು ಕರೆದೊಯ್ದದ್ದು 8ರಂದು. ದೂರದ ಹಾರಾಟದ ನಕಾಶೆಯಲ್ಲಿ ಇಂಥ ಊರುಗಳಿಗೆ ಗುರುತು ಹಾಕಿಯೇ ಹೊರಡುತ್ತಾರೆ.

ಮೇಷ್ಟ್ರ ವಿಮಾನ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ದುಬೈಗೆ ಹೋಯಿತು. ನಾಲ್ಕು ತಾಸು. ಅಲ್ಲಿ ಎರಡೂವರೆ ತಾಸಿನ ಕಾಯುವಿಕೆ, ಗಾಲಿಕುರ್ಚಿಯ ಮೇಲೆ ಅಂಗಡಿ ಸಾಲುಗಳ ನಡುವೆ ಮೆರವಣಿಗೆ. ಆಮೇಲೆ ಹದಿನಾರು ತಾಸಿನ ದೊಡ್ಡ ಹಾರಾಟ. ಇಲ್ಲೊಂದು ಭೂಗೋಳದ ಸೊಗಸು ಇದೆ. ದುಬೈ 55 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ, ಸ್ಯಾನ್ ಫ್ರಾನ್ಸಿಸ್ಕೋ 122 ಡಿಗ್ರಿ ಪಶ್ಚಿಮದ ಮೇಲೆ. ಎರಡೂ ಕೂಡಿದರೆ 177. ಇನ್ನೆರಡು ಮೂರು ಡಿಗ್ರಿ ಬಂದಿದ್ದರೆ ಎರಡರ ರೇಖಾಂಶಗಳೂ ಗೋಲದ ತೀರಾ ಎದುರುಬದುರು. ಆದ್ದರಿಂದ ಅವುಗಳ ನಡುವಿನ ಅತಿ ಹತ್ತಿರದ ಗೆರೆ ಉತ್ತರ ಧ್ರುವದ ಪಕ್ಕದಲ್ಲೇ, ಸುಮಾರು 200 ಕಿಲೋಮೀಟರ್ ಅಂತರದಲ್ಲಿ ಹಾಯುತ್ತದೆ. ಗಾಳಿ, ಹವೆ, ಅನುಮತಿ ನೋಡಿ ಅಂದಂದಿನ ದಾರಿ ಅತ್ತಿತ್ತ ಸರಿಯುತ್ತದೆ. ಉತ್ತರದ ತುದಿಯನ್ನು ಹಾದುಹೋಗುವುದಂತೂ ತಪ್ಪದು.

ಮುಂದಿನ ಸೀಟಿನ ಬೆನ್ನಿಗಿರುವ ಪರದೆಯ ಮೇಲೆ ಪುಟ್ಟ ವಿಮಾನದ ಗುರುತು ಇರಾನ್, ರಷ್ಯ ದಾಟಿ ಮೇಲೆ ಮೇಲೆ ಏರುತ್ತದೆ. ಎತ್ತರ 10,700 ಮೀಟರ್, ಹೊರಗಿನ ಶಾಖ ಸೊನ್ನೆಗಿಂತ 55 ಡಿಗ್ರಿ ಕೆಳಗೆ. ಇಂಧನವೂ ಹೆಪ್ಪುಗಟ್ಟತೊಡಗುವ ಮಿತಿಯೊಂದಿದೆ, ಸೊನ್ನೆಗಿಂತ 47 ಡಿಗ್ರಿ ಕೆಳಗೆ. ಹಾಗಾಗಿ ಪೈಲಟ್ಟುಗಳು ಟ್ಯಾಂಕಿನ ಶಾಖದ ಮೇಲೂ ಒಂದು ಕಣ್ಣಿಟ್ಟಿರುತ್ತಾರೆ. ಧ್ರುವದ ಹತ್ತಿರ ಸಾಮಾನ್ಯ ದಿಕ್ಸೂಚಿಯನ್ನು ನಂಬುವಂತಿಲ್ಲ. ಜನವರಿ ಆದ್ದರಿಂದ ಅಲ್ಲಿ ಹಗಲೇ ಇಲ್ಲ. ಬೆಳಕಿನಲ್ಲಿ ಹೊರಟ ವಿಮಾನ ಮಧ್ಯಾಹ್ನವೆಂದು ಗಡಿಯಾರ ಹೇಳುವಾಗಲೇ ಕತ್ತಲೊಳಗೆ ನುಗ್ಗಿ, ಕೆಲವು ತಾಸು ಹಾರಿ, ಕೆನಡಾದ ಮೇಲೆ ಮತ್ತೆ ಬೆಳಕಿಗೆ ಬರುತ್ತದೆ. ಬಾಲದ ಹಿಂದೆ ಮುಳುಗಿದ ಸೂರ್ಯ ಮೂಗಿನ ಮುಂದೆ ಹುಟ್ಟುತ್ತಾನೆ. ಮನೆಯಾಕೆ ಇದನ್ನೆಲ್ಲ ನೋಡಲಿಲ್ಲ. ಕಂಬಳಿ ತಲೆತುಂಬ ಹೊದ್ದು, ಆಗಾಗ ಎದ್ದು, "ಇನ್ನೂ ಎಷ್ಟೊತ್ತು ಐತ್ರಿ?" ಎಂದು ಕೇಳಿ ಮತ್ತೆ ಮಲಗಿದರು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಮಾನ ಇಳಿಯುವಾಗ ರೆಕ್ಕೆಯ ಕೆಳಗೆ ಕೊಲ್ಲಿಯ ನೀರು ಬರುಬರುತ್ತ ಹತ್ತಿರವಾಗುತ್ತದೆ. ನೀರಿಗೇ ಇಳಿಯಿತೆನ್ನುವಾಗ ರನ್‌ವೇ ಸಿಗುತ್ತದೆ. ಅಲ್ಲಿನ ಗಡಿಯಾರದಲ್ಲಿ ಸೋಮವಾರ ಮಧ್ಯಾಹ್ನ ಒಂದೂವರೆ. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಹದಿಮೂರೂವರೆ ತಾಸಿನ ಅಂತರ, ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದರಿಂದ ಹನ್ನೆರಡೂವರೆ. ದಾವಣಗೆರೆಯಲ್ಲಿ ಆಗ ಮಂಗಳವಾರ ನಸುಕಿನ ಮೂರು. ಸರಸ್ವತಿ ನಗರ ಮಲಗಿದೆ. ಎಷ್ಟು ದಿನ ಇರುತ್ತೀರಿ, ಏನು ತಂದಿದ್ದೀರಿ ಎಂಬ ಪ್ರಶ್ನೆಗಳು ಮುಗಿದು, ಪೆಟ್ಟಿಗೆಗಳು ಸಿಕ್ಕಿ, ಅಳಿಯನ ಕಾರು ಹತ್ತಿ, ನಲವತ್ತೈದು ಕಿಲೋಮೀಟರ್ ಆಚೆಯ ಸನ್ನಿವೇಲ್ ಮುಟ್ಟುವಾಗ ಸಂಜೆ ನಾಲ್ಕು. ಈ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ಕನ್ನಡ ಕೇಳಲು ಹುಡುಕಬೇಕಿಲ್ಲ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ 2014ರ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಇಲ್ಲೇ ಪಕ್ಕದ ಸ್ಯಾನ್ ಹೋಸೆಯಲ್ಲಿ. ಮಂಡಕ್ಕಿಯೂ ಅಂಗಡಿಯಲ್ಲಿ ಸಿಗುತ್ತದೆ. "ಆದ್ರೆ ಅದು ನಮ್ ಭಟ್ಟೀದಲ್ಲ" ಎಂದಳು ಮಗಳು, ಪೊಟ್ಟಣ ಬಿಚ್ಚುತ್ತ.

ನಿದ್ದೆ ಬಾರದ ಮೊದಲ ರಾತ್ರಿ ಮೇಷ್ಟ್ರು ನೋಟುಪುಸ್ತಕ ತೆಗೆದು ಇಡೀ ದಾರಿಯ ಜಮಾಖರ್ಚು ಬರೆದರು. ಭಾನುವಾರ ಸಂಜೆ ಐದಕ್ಕೆ ಹೊರಟು ಸೋಮವಾರ ಸಂಜೆ ನಾಲ್ಕಕ್ಕೆ ಮುಟ್ಟಿದ್ದು. ಕ್ಯಾಲೆಂಡರ್ ಹೇಳುವುದು ಇಪ್ಪತ್ತಮೂರು ತಾಸು, ಮೈ ಹೇಳುವುದು ಮೂವತ್ತಾರೂವರೆ. ಅದರಲ್ಲಿ ಆಕಾಶದಲ್ಲಿ ಕಳೆದದ್ದು ಇಪ್ಪತ್ತು. ಉಳಿದ ಹದಿನಾರೂವರೆ ನೆಲದ ಮೇಲೆ: ಹೆದ್ದಾರಿ, ಸಾಲು, ಕುರ್ಚಿ, ಮತ್ತೆ ಸಾಲು, ಮತ್ತೆ ಹೆದ್ದಾರಿ. ಆಕಾಶದ ದಾರಿ 15,700 ಕಿಲೋಮೀಟರ್. ನೆಲದ್ದು ಈಚೆ 270, ಆಚೆ 45, ಒಟ್ಟು 315. ನೂರಕ್ಕೆ ಎರಡು ಪಾಲು ದೂರ ನೂರಕ್ಕೆ ನಲವತ್ತೈದು ಪಾಲು ಹೊತ್ತನ್ನು ತಿಂದಿತ್ತು.

ಎರಡು ನಿಲ್ದಾಣಗಳ ನಡುವಿನ ದೂರವನ್ನೂ ಹಾರಾಟದ ಹೊತ್ತನ್ನೂ ಯಾರು ಬೇಕಾದರೂ ಈಗ ಕ್ಷಣದಲ್ಲಿ ತಿಳಿಯಬಹುದು. ಬೆಂಗಳೂರಿನ ಬಡಾವಣೆಯವರಿಗೆ ಆ ಲೆಕ್ಕ ಹೆಚ್ಚುಕಡಿಮೆ ಸಾಕಾಗುತ್ತದೆ. ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿಯವರಿಗೆ ಸಾಲದು. ಅವರ ಅಮೆರಿಕ ಶುರುವಾಗುವುದು ವಿಮಾನದ ಬಾಗಿಲಿನಿಂದಲ್ಲ, ತಮ್ಮ ಮನೆಯ ಗೇಟಿನಿಂದ. ಕಾಯುವಿಕೆಯನ್ನೂ ಸೇರಿಸಿದರೆ ವಿಮಾನ ಏಳುವ ಹೊತ್ತಿಗೆ ಹನ್ನೊಂದೂವರೆ ತಾಸು ಸವೆದಿರುತ್ತದೆ. ವಿಮಾನ ತಾಸಿಗೆ 900 ಕಿಲೋಮೀಟರ್ ಹೋಗುತ್ತದೆ. ಅದನ್ನು ಇನ್ನೂ ಜೋರು ಮಾಡುವ, ಭೂಮಿಯನ್ನು ಇನ್ನೂ ಚಿಕ್ಕದು ಮಾಡುವ ಶಕ್ತಿ ಸದ್ಯಕ್ಕೆ ಯಾರ ಕೈಯಲ್ಲೂ ಇಲ್ಲ. ಹದಿನಾರು ತಾಸಿನ ಹಾರಾಟ ಹದಿನಾರೇ ತಾಸು.

ಕುಗ್ಗಿಸಲು ಸಾಧ್ಯವಿರುವುದು ಆ ನೂರಕ್ಕೆ ಎರಡು ಪಾಲನ್ನು. ದಾವಣಗೆರೆಯಿಂದ ಬೆಂಗಳೂರಿಗೆ ಈಗಿನ ರೈಲು ಬೀರೂರು, ಅರಸೀಕೆರೆಯ ಮೇಲೆ ಸುತ್ತಿ ಹೋಗುತ್ತದೆ. 2023ರ ಜೂನ್ 27ರಂದು ಶುರುವಾದ ವಂದೇ ಭಾರತ್ ಈ ಸುತ್ತುದಾರಿಯಲ್ಲೇ ಮೂರೂವರೆ ತಾಸಿನ ಆಸುಪಾಸಿನಲ್ಲಿ ಮುಟ್ಟಿಸುತ್ತದೆ. ತುಮಕೂರಿನಿಂದ ಚಿತ್ರದುರ್ಗದ ಮೇಲೆ ದಾವಣಗೆರೆಗೆ ನೇರ ಹಳಿ ಹಾಕುವ ಕೆಲಸ ನಡೆದಿದೆ. ಅದು ಮುಗಿದು, ರಾತ್ರಿಯ ವಿಮಾನಗಳಿಗೆ ಹೊಂದುವ ಹೊತ್ತಿಗೊಂದು ರೈಲೋ ಬಸ್ಸೋ ದೇವನಹಳ್ಳಿಯವರೆಗೆ ನಂಬಿಕೆಯಿಂದ ಓಡಿದರೆ, ಅಷ್ಟು ತಾಸು ಮುಂಚೆ ಹೊರಡುವ ಭಯ ಹೋಗುತ್ತದೆ. ಧ್ರುವದ ಮೇಲೆ ಹಾರುವ ಪೈಲಟ್ಟುಗಳು ಗಾಳಿಯ ಜೊತೆ ಗುದ್ದಾಡಿ ಉಳಿಸುವ ಹೊತ್ತಿಗಿಂತ ಹೆಚ್ಚು ಹೊತ್ತು ಶಿರಾ ಮತ್ತು ಹಿರಿಯೂರಿನ ನಡುವಿನ ನೆಲದಲ್ಲಿ ಉಳಿಯುತ್ತದೆ. ಮೇಷ್ಟ್ರು ಲೆಕ್ಕದ ಕೆಳಗೆ ಗೆರೆ ಎಳೆದು ಬರೆದ ಕೊನೆಯ ಸಾಲೂ ಅದೇ: ಆಕಾಶದಲ್ಲಿ ಬಾಕಿ ಏನೂ ಇಲ್ಲ, ಬಾಕಿ ಇರುವುದೆಲ್ಲ ತುಮಕೂರಿನಿಂದ ಈಚೆಗೆ.